ಸಿ2 ಕರಗಿಸಿದ ವಾರ

12 ಮಾರ್ಚ್ 2024, ಮಂಗಳವಾರ

ದ್ರವ ಸಾರಜನಕದಿಂದ ಸಿ2 ಕೋಶಗಳ ವಯಲ್ (ಪುಟ್ಟ ಶೀಷೆ) ಒಂದು ಹೊರಬಂತು. ನಾಯಿಯ ಮಾಸ್ಟ್ ಸೆಲ್ (ಅಲರ್ಜಿಯಲ್ಲಿ ಪಾಲ್ಗೊಳ್ಳುವ ರೋಗನಿರೋಧಕ ಕೋಶ) ಗಡ್ಡೆಯಿಂದ ಬೆಳೆಸಿದ ಸೆಲ್ ಲೈನ್ ಇದು, ಅಂದರೆ ಪ್ರಯೋಗಾಲಯದಲ್ಲಿ ನಿರಂತರ ಬೆಳೆಯುವ ಕೋಶಗಳ ಸಂತತಿ; ಬಿಆರ್ ಎಂಬ ಇನ್ನೊಂದರ ಜೊತೆ 1990ರಲ್ಲಿ ವರದಿಯಾದದ್ದು. 37 ಡಿಗ್ರಿ ನೀರಿನಲ್ಲಿ ಹಿಡಿದು, ಅಕ್ಕಿಕಾಳಿನಷ್ಟು ಮಂಜು ಉಳಿದಿರುವಾಗಲೇ ಎತ್ತಬೇಕು. ಬೆಚ್ಚಗಿನ 9 ಮಿ.ಲೀ. ಮೀಡಿಯಂ (ಪೋಷಕ ದ್ರವ) ಅನ್ನು ಹನಿಹನಿಯಾಗಿ ಸೇರಿಸಬೇಕು. ಒಮ್ಮೆಗೇ ಸುರಿದರೆ ಒಳಗೆ ಡಿಎಂಎಸ್‌ಒ (ಹೆಪ್ಪುಗಟ್ಟಿಸುವಾಗ ಕೋಶ ಕೆಡದಂತೆ ಸೇರಿಸುವ ದ್ರವ) ತುಂಬಿಕೊಂಡಿರುವ ಕೋಶ ನೀರು ಹೀರಿ ಒಡೆಯುತ್ತದೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ 200 ಜಿ (ಗುರುತ್ವದ 200 ಪಟ್ಟು) ಬಲದಲ್ಲಿ 5 ನಿಮಿಷ ತಿರುಗಿಸಿ, ಆರ್‌ಪಿಎಂಐ 1640 ಎಂಬ ಮೀಡಿಯಂ ಜೊತೆಗೆ ಶೇ. 10 ಸೀರಮ್ (ರಕ್ತದಿಂದ ತೆಗೆದ ತಿಳಿದ್ರವ) ಇರುವ ಫ್ಲಾಸ್ಕ್‌ಗೆ ಹಾಕಿದ್ದಾಯಿತು. ಶೇ. 5 ಕಾರ್ಬನ್ ಡೈಆಕ್ಸೈಡ್, 37 ಡಿಗ್ರಿ. ನಾಯಿಯ ಮೈ ಬಿಸಿ ಇದಕ್ಕಿಂತ ಒಂದು ಡಿಗ್ರಿಗೂ ಹೆಚ್ಚೇ, ಆದರೂ ಇನ್‌ಕ್ಯುಬೇಟರ್ ಬದಲಿಸುವವರು ಕಡಿಮೆ.

13 ಮಾರ್ಚ್

ಹೊಸಬರು ಎಡವುವುದು ಇವತ್ತಿನಂಥ ದಿನವೇ. ತೇಲುವುದೆಲ್ಲ ಸತ್ತದ್ದು ಎಂದುಕೊಂಡು ಮೇಲಿನ ಮೀಡಿಯಂ ಸುರಿದುಬಿಡುತ್ತಾರೆ. ಸಿ2 ಬೆಳೆಯುವುದೇ ತೇಲಿಕೊಂಡು. ತಳಕ್ಕೆ ಅಂಟಿದವು ಸಡಿಲ, ಫ್ಲಾಸ್ಕ್‌ಗೆ ಮೆಲ್ಲಗೆ ನಾಲ್ಕು ಬಾರಿ ತಟ್ಟಿದರೆ ಬಿಡುತ್ತವೆ. ಅಂಟಿದ ಕೋಶ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ ಬೇಡ. ಅದು ಕೋಶದ ಹೊರಮೈಯ ಪ್ರೋಟೀನ್‌ಗಳನ್ನೂ ಕತ್ತರಿಸಬಲ್ಲದು, ಕಿಟ್ ಗ್ರಾಹಕವನ್ನು (ಬೆಳೆಯುವ ಸಂಕೇತ ಹಿಡಿಯುವ ಹೊರಮೈ ಪ್ರೋಟೀನ್) ಅಳೆಯುವವರಿಗೆ ಅಷ್ಟೇ ಸಾಕು ಕೆಡಲು.

15 ಮಾರ್ಚ್, ಶುಕ್ರವಾರ

ಸತ್ತ ಕೋಶಗಳಿಗೆ ಮಾತ್ರ ಹತ್ತುವ ನೀಲಿ ಬಣ್ಣ ಟ್ರಿಪಾನ್ ಬ್ಲೂ ಸಮ ಪ್ರಮಾಣದಲ್ಲಿ ಬೆರೆಸಿ ಎಣಿಕೆ: ಎಣಿಕೆ ಗಾಜಿನ ನಾಲ್ಕು ಮೂಲೆಗಳಲ್ಲಿ ಸೇರಿ ಜೀವಂತ 96, ನೀಲಿಯಾದವು 8. ಸರಾಸರಿ 24, ಬಣ್ಣ ಬೆರೆಸಿದ್ದಕ್ಕೆ ಅದರ ಎರಡು ಪಟ್ಟು, ಗಾಜಿನ ಅಳತೆಗೆ ಮತ್ತೆ ಹತ್ತು ಸಾವಿರ ಪಟ್ಟು: ಮಿ.ಲೀ.ಗೆ 4.8 ಲಕ್ಷ. ಜೀವಂತಿಕೆ ಶೇ. 92. ಹೊಸ ಫ್ಲಾಸ್ಕ್‌ಗೆ 4.2 ಮಿ.ಲೀ. ಕೋಶ, 5.8 ಮಿ.ಲೀ. ಮೀಡಿಯಂ, ಅಂದರೆ ಮಿ.ಲೀ.ಗೆ 2 ಲಕ್ಷ. 10 ಲಕ್ಷ ದಾಟಲು ಬಿಟ್ಟರೆ ಮೀಡಿಯಂ ಹಳದಿಗೆ ತಿರುಗುತ್ತದೆ. ತೀರಾ ತೆಳ್ಳಗೆ ಹಾಕಿದರೂ ದಿನಗಟ್ಟಲೆ ಏಳುವುದಿಲ್ಲ.

ಇದೇ ಮಾದರಿಯಿಂದ ಡಿಎನ್‌ಎ ತೆಗೆದಿಡುವುದು ಒಳ್ಳೆಯದು. ಸಿ2ಗೆ ಕಿಟ್ ಜೀನಿನ ಎಕ್ಸಾನ್ 11ರಲ್ಲಿ (ಪ್ರೋಟೀನ್‌ಗೆ ಸೂತ್ರ ಕೊಡುವ ಒಂದು ಭಾಗ) 48 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ತುಣುಕು ಎರಡು ಬಾರಿ ಕೂತಿದೆ, ಹಾಗಾಗಿ ಗ್ರಾಹಕ ಹೊರಗಿನ ಸಂಕೇತಕ್ಕೆ ಕಾಯದೆ ಚಾಲೂ ಇರುತ್ತದೆ. ಬಿಆರ್‌ನಲ್ಲಿ ಇರುವುದು ಒಂದೇ ಅಮೈನೋ ಆಮ್ಲದ ಬದಲಾವಣೆ. ಅಮೆರಿಕದಲ್ಲಿ 2009ರಲ್ಲಿ ನಾಯಿಗಳಿಗೆ ಒಪ್ಪಿಗೆ ಪಡೆದ ಟೊಸೆರಾನಿಬ್ ಎಂಬ ಕ್ಯಾನ್ಸರ್ ಔಷಧ ತಡೆಯುವುದು ಈ ಗ್ರಾಹಕವನ್ನೇ. ಔಷಧಕ್ಕೆ ಸಿ2 ಜಗ್ಗಲಿಲ್ಲವೆಂದರೆ ನಿರೋಧಕ ಶಕ್ತಿಯ ಕಥೆ ಕಟ್ಟುವ ಮೊದಲು ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಮಾಡುವ ವಿಧಾನ) ಮಾಡಿ, ತುಣುಕುಗಳನ್ನು ಉದ್ದದಂತೆ ಬೇರ್ಪಡಿಸುವ ಜೆಲ್ ಮೇಲೆ ಸಾಮಾನ್ಯಕ್ಕಿಂತ 48 ಬೇಸ್ ಹೆಚ್ಚು ಉದ್ದದ ಪಟ್ಟಿ ಇದೆಯೇ ನೋಡಬೇಕು. ಅದಿಲ್ಲದಿದ್ದರೆ ಫ್ಲಾಸ್ಕ್‌ನಲ್ಲಿರುವುದು ಬೇರೆ ಯಾವುದೋ ಕೋಶ.

ಮೈಕೊಪ್ಲಾಸ್ಮ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾದ ಪರೀಕ್ಷೆ ತಿಂಗಳಿಗೊಮ್ಮೆ, ತಪ್ಪದೆ. ಅದು ಸೇರಿದರೂ ಮೀಡಿಯಂ ಕದಡುವುದಿಲ್ಲ. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್‌ಗೆ ಅದು ಸಾಯುವುದೂ ಇಲ್ಲ.

ಪರೀಕ್ಷೆ ಮುಗಿದ ಮೇಲೆಯೇ ದಾಸ್ತಾನು: ವಯಲ್‌ಗೆ 50 ಲಕ್ಷ ಕೋಶ, ಶೇ. 90 ಸೀರಮ್, ಶೇ. 10 ಡಿಎಂಎಸ್‌ಒ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಮರುದಿನ ಸಾರಜನಕಕ್ಕೆ. ಹೆಸರು, ಪ್ಯಾಸೇಜ್ ಸಂಖ್ಯೆ (ಎಷ್ಟನೇ ಬಾರಿ ಹೊಸ ಫ್ಲಾಸ್ಕ್‌ಗೆ ಹಾಕಿದ್ದು), ತಾರೀಖು ಪೆನ್ಸಿಲ್‌ನಲ್ಲಿ. ಮಾರ್ಕರ್ ಶಾಯಿ ಆಲ್ಕೋಹಾಲ್ ತಾಗಿದರೆ ಹೋಗುತ್ತದೆ.