ಮೂರು ಡಿಗ್ರಿ, ಜಿಟಿಜಿಟಿ ಮಳೆ, ಒಂದು ಸೈಕಲ್

ಕಳೆದ ಭಾನುವಾರ ಅಮ್ಮ ವಿಡಿಯೋ ಕಾಲ್ ಮಾಡಿದಾಗ ನಾನು ಬಾಗಿಲ ಹತ್ರ ನೆಲದ ಮೇಲೆ ಕೂತ್ಕೊಂಡು ಕಾಲಿಗೆ ಉಲ್ಲನ್ ಸಾಕ್ಸ್ ಏರಿಸ್ತಿದ್ದೆ. ಇಲ್ಲಿ ಬೆಳಿಗ್ಗೆ ಎಂಟೂವರೆ, ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಅವ್ರದ್ದು ಊಟ ಆಗಿತ್ತು. ಕಿಟಕಿ ಕಡೆ ಕ್ಯಾಮೆರಾ ತಿರುಗಿಸು ಅಂದ್ರು, ತಿರುಗಿಸಿದೆ, ಹೊರಗೆ ಇನ್ನೂ ಕತ್ತಲೆ, ಗಾಜಿನ ಮೇಲೆ ನೀರು ಇಳೀತಿದೆ. "ಈ ಮಳೇಲಿ ಎಂತಕ್ಕೆ ಸಾಯಕ್ಕೆ ಹೋಗ್ತಿ ಮಾರಾಯಾ, ಆಫೀಸೂ ಇಲ್ಲ ಇವತ್ತು" ಅಂದ್ರು. ಆಫೀಸ್ ಇಲ್ಲ ಅಂತಾನೇ ಹೋಗ್ತಿರೋದು ಅಮ್ಮ ಅಂದೆ. ಫೋನ್ ಪಕ್ಕದಲ್ಲಿದ್ದ ಅಪ್ಪಯ್ಯಂಗೆ ಕೊಟ್ಟು ಎದ್ದು ಹೋದ್ರು. ಅಪ್ಪಯ್ಯ ಒಂದು ನಿಮಿಷ ಸ್ಕ್ರೀನ್ ನೋಡಿ "ಟೋಪಿ ಹಾಕ್ಕೋ" ಅಂದ್ರು ಅಷ್ಟೇ.

ನಾನಿರೋದು ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ, ಹುಟ್ಟಿದ್ದು ಬೆಳೆದಿದ್ದು ತೀರ್ಥಹಳ್ಳಿ ಹತ್ರ. ಅಂದ್ರೆ ಮಳೆ ನನಗೆ ಹೊಸದಲ್ಲ. ಆದ್ರೂ ಇಲ್ಲಿನ ಮಳೆ ಅರ್ಥ ಆಗೋಕೆ ಎರಡು ಚಳಿಗಾಲ ಬೇಕಾಯ್ತು. ಈ ದೇಶದ ಹವಾಮಾನ ಇಲಾಖೆ ಇರೋದೇ ನಮ್ಮ ಪಕ್ಕದ ಡಿ ಬಿಲ್ಟ್ ಅನ್ನೋ ಊರಲ್ಲಿ, ಮನೆಯಿಂದ ಸೈಕಲ್‌ನಲ್ಲಿ ಕಾಲು ಗಂಟೆ. ಅಲ್ಲಿ ವರ್ಷಕ್ಕೆ ಬೀಳೋದು ಸುಮಾರು 850 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000ಕ್ಕೂ ಜಾಸ್ತಿ, ಜುಲೈ ಒಂದೇ ತಿಂಗಳಲ್ಲಿ ಇಲ್ಲಿನ ಎರಡು ವರ್ಷದ ಮಳೆಗಿಂತ ಹೆಚ್ಚು ಸುರಿಯತ್ತೆ. ಈ ಲೆಕ್ಕ ನೋಡ್ಕೊಂಡು ಬಂದ ಹೊಸದ್ರಲ್ಲಿ ಇದೆಂಥ ಮಳೆ, ನಮ್ಮೂರಲ್ಲಿ ಇದಕ್ಕೆ ಇಬ್ಬನಿ ಅಂತೀವಿ ಅಂತ ಕೊಚ್ಕೊಂಡಿದ್ದೆ. ತಪ್ಪು. ನಮ್ಮ ಆಶ್ಲೇಷ ಮಳೆ ಬಂದು ಹೊಡೆದು ತೊಪ್ಪೆ ಮಾಡಿ ಹೋಗತ್ತೆ, ಆದ್ರೆ ಮೈ ಕೊರೆಯಲ್ಲ. ಇಲ್ಲಿ ಜನವರೀಲಿ ಮೂರ್ನಾಲ್ಕು ಡಿಗ್ರಿ ಇರತ್ತೆ, ಪೂರ್ತಿ ಸೊನ್ನೆಗೆ ಇಳಿದಿದ್ರೆ ಹಿಮ ಬಿದ್ದು ಒಣಗಿನ ಚಳಿಯಾದ್ರೂ ಆಗ್ತಿತ್ತು, ಅದೂ ಇಲ್ಲ, ಸೋನೆ ಹಿಡ್ಕೊಂಡು ಮೂರು ದಿನ ಬಿಡಲ್ಲ, ಮೇಲಿಂದ ಬೀಳೋದಕ್ಕಿಂತ ಪಕ್ಕದಿಂದ ಬರೋದೇ ಜಾಸ್ತಿ. ಮೂರು ಡಿಗ್ರೀಲಿ ಗಂಟೆಗೆ 25 ಕಿಲೋಮೀಟರ್ ಸ್ಪೀಡಲ್ಲಿ ಹೋದ್ರೆ ಮುಖಕ್ಕೆ ತಟ್ಟೋದು ಮೈನಸ್ ಎರಡರ ಚಳಿ.

ಮೊದಲ ವರ್ಷ ನಾನು ಮಾಡಿದ್ದು ಎಲ್ರೂ ಮಾಡೋ ಕೆಲ್ಸ. ಅಂಗಡೀಲಿ ಹೋಗಿ ಇರೋದ್ರಲ್ಲೇ ದುಬಾರಿ ರೇನ್‌ಕೋಟ್ ತಂದೆ, ಅದಕ್ಕೆ ಪ್ಯಾಂಟ್, ಶೂ ಮೇಲೆ ಹಾಕೋ ಕವರ್, ಒಂದು ಹನಿ ಒಳಗೆ ಬರಬಾರದು ಅಂತ ಪ್ಯಾಕ್ ಮಾಡ್ಕೊಂಡು ಹೊರಟೆ. ಹನಿ ಬರಲಿಲ್ಲ ನಿಜ. ಆದ್ರೆ ಅರ್ಧ ಗಂಟೆ ತುಳಿದ ಮೇಲೆ ಒಳಗಿಂದ ಬೆವರಿ ಕಾಟನ್ ಟೀ ಶರ್ಟ್ ಹಿಂಡೋ ಹಾಗಾಯ್ತು, ಆಮೇಲೆ ಒಂದು ಸೇತುವೆ ಹತ್ರ ಫೋಟೋ ತೆಗೆಯೋಕೆ ಅಂತ ಐದು ನಿಮಿಷ ನಿಂತೆ ನೋಡಿ, ಆ ಬೆವರೆಲ್ಲ ಐಸ್ ನೀರಾಯ್ತು, ಹಲ್ಲು ಕಟಕಟ ಅಂತ ಮನೆ ಸೇರೋ ಹೊತ್ತಿಗೆ ಸೈಕಲ್ಲೂ ಬೇಡ ಈ ದೇಶಾನೂ ಬೇಡ ಅನ್ಸಿತ್ತು. ಮಾರನೇ ದಿನ ಆಫೀಸಲ್ಲಿ ಹೇಳ್ಕೊಂಡು ಅತ್ತರೆ ಇಲ್ಲಿಯ ಒಬ್ರು ಕಾಫಿ ಕಲಕ್ತಾ "ನೀನೇನು ಸಕ್ಕರೆಯಿಂದ ಮಾಡಿದವನಾ" ಅಂದ್ರು. ಇದು ಇಲ್ಲಿನ ಗಾದೆ, ಮಳೇಲಿ ಹೊರಗೆ ಹೋಗಲ್ಲ ಅಂತ ಹಟ ಮಾಡೋ ಮಕ್ಕಳಿಗೆ ಹೇಳೋದು. ನಂಗೆ ಹೇಳಿದ್ರು. ಇರಲಿ.

ವಿಷಯ ತಲೆಗೆ ಹೋಗಿದ್ದು ಯಾರೋ ಕೊಟ್ಟ ಮೆರಿನೋ ಉಲ್ಲನ್ ಬನಿಯನ್ ಹಾಕ್ಕೊಂಡ ದಿನ. ಅದೂ ನೆನೀತು, ಪೂರ್ತಿ ನೆನೀತು, ಆದ್ರೆ ಚಳಿ ಆಗಲಿಲ್ಲ. ಒಂದು ಗಂಟೆ ತುಳಿದು ನಿಂತು ಮೈ ಮುಟ್ಟಿ ನೋಡ್ಕೊಂಡೆ, ಒದ್ದೆ, ಬೆಚ್ಚಗೆ. ಅಲ್ಲೇ ರಸ್ತೆ ಪಕ್ಕ ನಗು ಬಂತು, ಯಾಕಂದ್ರೆ ಇದನ್ನ ನಾನು ಹುಟ್ಟಿದಾಗಿಂದ ನೋಡಿದೀನಿ. ನಮ್ಮಜ್ಜ ಗದ್ದೆಗೆ ಹೋಗ್ತಿದ್ದಿದ್ದು ಕಂಬಳಿ ಕೊಪ್ಪೆ ಹಾಕ್ಕೊಂಡು. ಹೆಂಗಸರು ಸಸಿ ನೆಡೋವಾಗ ಬೆನ್ನ ಮೇಲೆ ಗೊರಬು (ಬಿದಿರು, ಎಲೆಯಿಂದ ಹೆಣೆದ ಮಳೆ ಮರೆ), ಗಂಡಸರಿಗೆ ಕಂಬಳಿ. ಆ ಕಂಬಳಿ ಇಡೀ ದಿನದ ಮಳೆ ಕುಡಿದು ಸಂಜೆ ಮಣಭಾರ ಆಗಿರ್ತಿತ್ತು, ಅಜ್ಜನ ಬೆನ್ನು ಮಾತ್ರ ಬಿಸಿ. ಶಾಲೆಗೆ ಹೋಗೋ ನಮಗೆ ಪ್ಲಾಸ್ಟಿಕ್ ರೇನ್‌ಕೋಟ್ ಕೊಡಿಸಿದ್ರು, ನಾವು ಅದೇ ದೊಡ್ಡದು ಅಂದ್ಕೊಂಡಿದ್ವಿ, ಕಂಬಳಿ ಅಂದ್ರೆ ಹಳೇ ಕಾಲದವರಿಗೆ ಅಂತ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ, ಹೀರ್ಕೊಳ್ಳೋವಾಗ ಸ್ವಲ್ಪ ಶಾಖಾನೂ ಬಿಡತ್ತೆ, ಇದೆಲ್ಲ ಆಮೇಲೆ ಓದಿ ತಿಳ್ಕೊಂಡಿದ್ದು. ಕಂಬಳಿ ನೇಯೋವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ತಾರೆ, ಆ ಬಿರುಸಿಗೆ ಅರ್ಧ ಮಳೆ ಮೇಲಿಂದಾನೇ ಜಾರ್ಕೊಂಡು ಹೋಗತ್ತೆ. ನಾನು ದುಬಾರಿ ರೇನ್‌ಕೋಟ್ ಕೊಂಡು ಕಲಿತಿದ್ದು ಅಜ್ಜಂಗೆ ಮೊದಲೇ ಗೊತ್ತಿತ್ತು.

ಆವತ್ತಿಂದ ಒಣಗಿರಬೇಕು ಅನ್ನೋ ಆಸೆ ಬಿಟ್ಟೆ. ನೀರಲ್ಲಿ ಮುಳುಗಿದವನಿಗೆ ಮಳೆಯೇನು ಚಳಿಯೇನು ಅಂತಾರಲ್ಲ, ಚಳಿ ವಿಷಯದಲ್ಲಿ ಆ ಗಾದೆ ಸುಳ್ಳು, ಮಳೆ ವಿಷಯದಲ್ಲಿ ಸತ್ಯ. ಮೈಗಂಟಿ ಉಲ್ಲನ್, ಮೇಲೆ ಗಾಳಿ ತಡೆಯೋ ತೆಳು ಜಾಕೆಟ್, ಹೆಲ್ಮೆಟ್ ಕೆಳಗೆ ಮುಂದೆ ಚಾಚಿರೋ ಕ್ಯಾಪ್ (ಕನ್ನಡಕದವರಿಗೆ ಇದು ಬೇಕೇ ಬೇಕು, ಇಲ್ದಿದ್ರೆ ಏನೂ ಕಾಣಲ್ಲ), ಎರಡೂ ಚಕ್ರಕ್ಕೆ ಉದ್ದದ ಮಡ್‌ಗಾರ್ಡ್. ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು, ಮನೆ ಬಾಗಿಲಲ್ಲೇ ಬೆಚ್ಚಗಿದ್ರೆ ಬಟ್ಟೆ ಜಾಸ್ತಿಯಾಯ್ತು ಅಂತ ಅರ್ಥ. ಮಡ್‌ಗಾರ್ಡ್ ಇಲ್ಲದ ಸ್ಟೈಲ್ ಸೈಕಲ್‌ನಲ್ಲಿ ನಿಮ್ಮ ಮುಂದೆ ಹೋಗೋರನ್ನ ದೂರ ಇಡಿ, ಬಾಯಿ ಮುಚ್ಕೊಂಡಿರಿ. ಹಸು ಓಡಾಡೋ ರಸ್ತೆ ನೀರು ಅದು, ರುಚಿ ನಂಗೊತ್ತು.

ನನ್ನ ಮಾಮೂಲಿ ದಾರಿ ಕ್ರೊಮ್ಮೆ ರೈನ್ ನದಿ ಪಕ್ಕದ್ದು. ಕ್ರೊಮ್ಮೆ ಅಂದ್ರೆ ಡೊಂಕು, ಡೊಂಕು ರೈನ್. ನೋಡೋಕೆ ನಮ್ಮ ಕಡೆಯ ಒಂದು ಹಳ್ಳದಷ್ಟೇ ಅಗಲ. ರೋಮನ್ನರ ಕಾಲದಲ್ಲಿ ಇದೇ ದೊಡ್ಡ ರೈನ್ ಆಗಿತ್ತು, ಅವರ ಸಾಮ್ರಾಜ್ಯದ ಗಡಿಯೇ ಇದು, ಆ ಗಡಿ ಸಾಲಿಗೆ 2021ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿದೆ. 1122ರಲ್ಲಿ ವೈಕ್ ಬೈ ಡ್ಯೂರ್‌ಸ್ಟೇಡೆ ಅನ್ನೋ ಊರಿನ ಹತ್ರ ಒಡ್ಡು ಕಟ್ಟಿ ನೀರು ತಡೆದ್ರು, ಅಲ್ಲಿಂದ ಈ ನದಿ ಸೊರಗಿ ಹೀಗಾಗಿದೆ. ನಾನು ಹೋಗೋದು ಆ ಊರಿಗೇ, ಡೊಂಕು ದಾರೀಲಿ ಒಂದು ಕಡೆಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಅಲ್ಲೊಂದು ಗಾಳಿಗಿರಣಿ ಇದೆ, ಅದರ ಬುಡದಲ್ಲೇ ಕಮಾನು, ರಸ್ತೆ ಅದರೊಳಗಿಂದ ಹೋಗತ್ತೆ, ಮಳೆ ಬರ್ತಿದ್ರೆ ಅಲ್ಲಿ ನಿಂತು ಬಾಳೆಹಣ್ಣು ತಿನ್ನೋದು ನನ್ನ ಪದ್ಧತಿ.

ಮೊದಲು ಅಮೆಲಿಸ್‌ವೇರ್ಡ್ ಕಾಡು ಸಿಗತ್ತೆ. ಬೇಸಿಗೆ ಭಾನುವಾರ ಇಲ್ಲಿ ಸೈಕಲ್ ಓಡಿಸೋದು ಧರ್ಮಸ್ಥಳದ ದೀಪೋತ್ಸವದಲ್ಲಿ ಸ್ಕೂಟರ್ ಓಡಿಸಿದ ಹಾಗೆ, ಮಕ್ಕಳು, ನಾಯಿ, ಪ್ಯಾನ್‌ಕೇಕ್ ತಿನ್ನೋಕೆ ಬಂದೋರು. ಜನವರಿ ಮಳೇಲಿ ಒಬ್ರೂ ಇಲ್ಲ. ಬೀಚ್ ಮರಗಳು ಎಲೆ ಉದುರಿಸಿ ನಿಂತಿರ್ತವೆ, ಕಾಂಡಗಳೆಲ್ಲ ನೆಂದು ಕರ್ರಗೆ, ಬುಡದಲ್ಲಿ ಹಾವಸೆ ಮಾತ್ರ ಹಸಿರು ಹಚ್ಚಗೆ, ಟೈರ್ ನೀರು ಸೀಳೋ ಸರ್ರ್ ಸದ್ದು ಬಿಟ್ರೆ ಇನ್ನೇನೂ ಕೇಳಲ್ಲ. ಇಲ್ಲೇ ಎರಡು ವರ್ಷದ ಹಿಂದೆ ಮರದ ಹಲಗೆಯ ಸಣ್ಣ ಸೇತುವೆ ಮೇಲೆ ಒದ್ದೆ ಎಲೆ ತುಳಿದು ತಿರುವಲ್ಲಿ ಬಿದ್ದೆ. ಬಿದ್ದಿದ್ದು ಅಂದ್ರೆ, ಸೈಕಲ್ ಮುಂದೆ ಹೋಯ್ತು ನಾನು ಸೊಂಟದ ಮೇಲೆ ಅದರ ಹಿಂದೆ ಹೋದೆ. ಅಡಿಕೆ ತೋಟದ ಸಂಕದ ಮೇಲೆ ಪಾಚಿ ತುಳಿದು ಜಾರಿದ ಅನುಭವ ಇದ್ದೋನು ನಾನು, ಬುದ್ಧಿ ಇರಬೇಕಿತ್ತು. ಹಲಗೆ, ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಎಲೆ, ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕೂ ಹಿಡೀಬೇಡಿ, ನೆಟ್ಟಗೆ ಹೋಗಿ.

ಕಾಡು ದಾಟಿದ್ರೆ ಬುನ್ನಿಕ್, ಓಡೈಕ್, ಆಮೇಲೆ ಬಯಲು. ದಾರಿ ಹುಡುಕೋಕೆ ಫೋನ್ ಬೇಕಿಲ್ಲ, ಒದ್ದೆ ಬೆರಳಿಗೆ ಅದು ಕೆಲ್ಸಾನೂ ಮಾಡಲ್ಲ. ಸೈಕಲ್ ದಾರಿಗಳು ಸೇರೋ ಜಾಗಕ್ಕೆಲ್ಲ ಇಲ್ಲಿ ನಂಬರ್ ಕೊಟ್ಟಿದಾರೆ, ಆ ನಂಬರಿನ ಬೋರ್ಡ್ ನೋಡ್ಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗ್ತಿದ್ರೆ ಆಯ್ತು. ನಾನು ಪೇಪರ್ ಟೇಪ್ ಮೇಲೆ ಪೆನ್ಸಿಲ್‌ನಲ್ಲಿ ನಂಬರ್ ಬರ್ಕೊಂಡು ಹ್ಯಾಂಡಲ್‌ಗೆ ಅಂಟಿಸ್ಕೋತೀನಿ, ಪೆನ್ನಲ್ಲಿ ಬರೆದ್ರೆ ಮಳೆಗೆ ಅಳಿಸಿ ಹೋಗತ್ತೆ. ಹೊಲಗಳಲ್ಲಿ ನೀರು ನಿಂತಿರತ್ತೆ, ಅಲ್ಲಿ ಸಾವಿರಗಟ್ಲೆ ಬಾತುಗಳು, ರಷ್ಯಾದ ಉತ್ತರ ತುದಿಯಿಂದ ಚಳಿಗಾಲ ಕಳೆಯೋಕೆ ಇಲ್ಲಿಗೆ ಬರ್ತವೆ. ಅವುಗಳಿಗೆ ಇದೇ ಬೆಚ್ಚಗಿನ ಊರು ನೋಡಿ! ಒಟ್ಟಿಗೆ ಎದ್ದಾಗ ಆಗೋ ಗಲಾಟೆ ಕೇಳಿದಾಗೆಲ್ಲ ಮಂಡಗದ್ದೆ ನೆನಪಾಗತ್ತೆ, ಮಳೆಗಾಲದಲ್ಲಿ ಶಿವಮೊಗ್ಗ ಬಸ್ಸಲ್ಲಿ ಹೋಗೋವಾಗ ಕಿಟಕಿ ಶಟರ್ ಎತ್ತಿ ತುಂಗೆ ನಡುವಿನ ಮರಗಳ ಮೇಲೆ ಬೆಳ್ಳಗೆ ಕೂತಿರೋ ಹಕ್ಕಿ ನೋಡ್ತಿದ್ವಿ, ಹಿಂದಿನ ಸೀಟಿನವರು ನೀರು ಸಿಡಿಯತ್ತೆ ಮುಚ್ರೋ ಅಂತ ಬೈಯ್ತಿದ್ರು.

ಪಂಕ್ಚರ್ ಆಗೋದು ಯಾವಾಗ್ಲೂ ಮಳೇಲೇ. ಸುಮ್ಮನೆ ಹೇಳ್ತಿಲ್ಲ, ನೀರು ರಸ್ತೆ ಪಕ್ಕದ ಗಾಜಿನ ಚೂರು ಸಣ್ಣ ಕಲ್ಲು ಎಲ್ಲ ತಂದು ದಾರೀಗೆ ಹಾಕತ್ತೆ, ಒದ್ದೆ ರಬ್ಬರ್ ಸಲೀಸಾಗಿ ಕುಯ್ಕೊಳ್ಳತ್ತೆ. ಕಳೆದ ವರ್ಷ ಕೋಟೆನ್ ಹತ್ರ ಪೇರ್ ತೋಟದ ಬೇಲಿ ಪಕ್ಕ ಹಿಂದಿನ ಚಕ್ರ ಹೋಯ್ತು. ಗ್ಲೌಸ್ ಬಿಚ್ಚಿ ಟೈರ್ ಎಬ್ಬಿಸೋ ಹೊತ್ತಿಗೆ ಬೆರಳು ನನ್ನವಲ್ಲ. ವಾಲ್ವ್‌ನ ಸಣ್ಣ ನಟ್ ತಿರುಗಿಸ್ತಿದೀನೋ ಇಲ್ವೋ ಅಂತ ಕಣ್ಣಲ್ಲಿ ನೋಡಿ ತಿಳ್ಕೋಬೇಕು, ಮುಟ್ಟಿದ್ದು ಗೊತ್ತಾಗಲ್ಲ. ಹೊಸ ಟ್ಯೂಬ್ ತುರುಕಿ ಪಂಪ್ ಹೊಡೆಯೋವಾಗ ಮೈ ಬಿಸಿ ಆಯ್ತು, ಕೈಗೂ ರಕ್ತ ಹರೀತು, ಆಗ ಶುರುವಾಯ್ತು ನೋವು. ಮೊದಲು ಉಗುರಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ, ಆಮೇಲೆ ಇಡೀ ಬೆರಳನ್ನ ಯಾರೋ ಬಾಗಿಲ ಸಂದೀಲಿ ಇಟ್ಟು ಒತ್ತಿದ ಹಾಗೆ, ಎರಡು ನಿಮಿಷ, ನಾನು ಬೇಲಿ ಕಂಬ ಹಿಡ್ಕೊಂಡು ಕನ್ನಡದಲ್ಲಿ ಏನೇನು ಬರುತ್ತೋ ಅದೆಲ್ಲ ಬೈದೆ. ಅದೇ ಹೊತ್ತಿಗೆ ಎಪ್ಪತ್ತು ದಾಟಿರೋ ಒಬ್ರು ಅಜ್ಜಿ ಸಾದಾ ಸೈಕಲ್‌ನಲ್ಲಿ, ಕೊಡೆ ಒಂದು ಕೈಲಿ, ಹಾಯಾಗಿ ಬಂದು "ಎಲ್ಲ ಸರಿ ಇದ್ಯಾ" ಅಂತ ಕೇಳಿ ಮುಂದೆ ಹೋದ್ರು. ಮರ್ಯಾದೆ ಹೋಯ್ತು.

ಮಳೆಗಿಂತ ನಂಗೆ ಕಷ್ಟ ಗಾಳಿ. ಬೆಟ್ಟ ಇಲ್ಲದ ಊರು, ಗಾಳಿಯೇ ಇಲ್ಲಿನ ಆಗುಂಬೆ ಘಾಟಿ, ಮತ್ತೆ ಇದಕ್ಕೆ ಇಳಿಜಾರು ಸಿಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಜನಕ್ಕೆ ಇದರ ಮೇಲೆ ಎಂಥ ಪ್ರೀತಿ ಅಂದ್ರೆ ಎದುರು ಗಾಳೀಲಿ ಸೈಕಲ್ ತುಳಿಯೋಕೇ ಒಂದು ರಾಷ್ಟ್ರೀಯ ಸ್ಪರ್ಧೆ ಇದೆ, 2013ರಲ್ಲಿ ಶುರು ಮಾಡಿದ್ದು. ಇಲ್ಲಿನ ಝೇಲಂಡ್ ಪ್ರಾಂತ್ಯದಲ್ಲಿ ಸಮುದ್ರಕ್ಕೆ ಕಟ್ಟಿರೋ ದೊಡ್ಡ ತಡೆಗೋಡೆ ಮೇಲೆ 8.5 ಕಿಲೋಮೀಟರ್, ಗೇರ್ ಇಲ್ಲದ ಮಾಮೂಲಿ ಸೈಕಲ್, ಬಿರುಗಾಳಿ ಬರತ್ತೆ ಅಂತ ಮುನ್ಸೂಚನೆ ಬಂದ ಮೇಲೇ ತಾರೀಖು ಹೇಳ್ತಾರೆ, ಗಾಳಿ ಇಲ್ದಿದ್ರೆ ಸ್ಪರ್ಧೇನೂ ಇಲ್ಲ. ನಾನು ಅಷ್ಟು ಹುಚ್ಚನಲ್ಲ. ಹೋಗೋವಾಗ ಎದುರು ಗಾಳಿ, ಬರೋವಾಗ ಬೆನ್ನ ಗಾಳಿ, ಇಷ್ಟು ನೋಡ್ಕೊಂಡು ದಾರಿ ಹಾಕ್ಕೋತೀನಿ. ಎರಡು ಗಂಟೆ ಮುಂದಿನ ಮಳೆ ಐದೈದು ನಿಮಿಷದ ಲೆಕ್ಕದಲ್ಲಿ ತೋರಿಸೋ ಆ್ಯಪ್ ಇದೆ ಇಲ್ಲಿ, ಮೊದಲೆಲ್ಲ ಅದನ್ನ ದೇವರ ಪ್ರಶ್ನೆ ಥರ ನೋಡ್ತಾ ಕೂರ್ತಿದ್ದೆ. ಈಗ ರಸ್ತೆ ಹೆಪ್ಪುಗಟ್ಟಿದ್ಯಾ ಅಂತ ಮಾತ್ರ ನೋಡೋದು. ಸೊನ್ನೆ ಹತ್ರ ಹೋದ್ರೆ ಮನೇಲೇ ಇರ್ತೀನಿ, ಅದರಲ್ಲಿ ಧೈರ್ಯ ತೋರಿಸೋದು ಏನೂ ಇಲ್ಲ.

ಯಾಕೆ ಹೋಗ್ತೀಯ ಅಂತ ಇಲ್ಲಿನ ಕನ್ನಡದ ಗೆಳೆಯರೂ ಕೇಳ್ತಾರೆ. ನಿಜ ಹೇಳ್ಬೇಕಂದ್ರೆ ಡಿಸೆಂಬರ್ ಕೊನೇಲಿ ಇಲ್ಲಿ ಸೂರ್ಯ ಹುಟ್ಟೋದು ಎಂಟೂಮುಕ್ಕಾಲಿಗೆ, ಮುಳುಗೋದು ನಾಲ್ಕೂವರೆಗೆ, ಆಫೀಸಿಗೆ ಹೋಗೋದೂ ಕತ್ತಲೆ ಬರೋದೂ ಕತ್ತಲೆ, ವಾರ ಪೂರ್ತಿ ಹೊರಗಿನ ಬೆಳಕೇ ನೋಡಿರಲ್ಲ. ಮೊದಲ ಚಳಿಗಾಲ ನಾನು ಸೋಫಾದಲ್ಲೇ ಕಳೆದಿದ್ದೆ, ಮಾರ್ಚ್ ಹೊತ್ತಿಗೆ ಯಾರ ಜೊತೆ ಮಾತಾಡೋಕೂ ಬೇಜಾರು. ಈಗ ಮೋಡದ ಬೆಳಕಾದ್ರೂ ಮೂರು ಗಂಟೆ ಸಿಗತ್ತೆ. ಇನ್ನೊಂದು, ಬೇಸಿಗೇಲಿ ಸೈಕಲ್ ಹತ್ತಿದ್ರೆ ಸ್ಪೀಡು, ಆವರೇಜು, ಹಿಂದಿನ ವಾರಕ್ಕಿಂತ ಎಷ್ಟು ಅಂತ ತಲೇಲಿ ಲೆಕ್ಕ ಓಡ್ತಾನೇ ಇರತ್ತೆ. ಈ ಮಳೇಲಿ ಆ ಲೆಕ್ಕ ಯಾವನಿಗೂ ಬೇಡ. ಹದಿನಾರು ಕಿಲೋಮೀಟರ್ ಸ್ಪೀಡಲ್ಲಿ ಮೂಗು ಸೋರಿಸ್ಕೊಂಡು ಹೋಗ್ತಿದ್ರೂ ಎದುರಿಗೆ ಬರೋ ಇನ್ನೊಬ್ಬ ಹುಚ್ಚ ಕೈ ಎತ್ತಿ ನಗ್ತಾನೆ. ಬೇಸಿಗೇಲಿ ಅದೇ ಮನುಷ್ಯ ತಿರುಗೀನೂ ನೋಡಿರಲ್ಲ.

ಮನೆಗೆ ಬಂದ ಮೇಲಿನ ಕೆಲಸ ಬೇಜಾರಿನದು, ಚಿಕ್ಕದಾಗಿ ಹೇಳಿಬಿಡ್ತೀನಿ: ರಸ್ತೆಗೆ ಉಪ್ಪು ಹಾಕಿರ್ತಾರೆ, ಸೈಕಲ್‌ಗೆ ಒಂದು ಬಕೆಟ್ ನೀರು ಹೊಯ್ದು, ಚೈನ್ ಒರೆಸಿ ಎಣ್ಣೆ ಬಿಡದೇ ಇದ್ರೆ ಎರಡೇ ವಾರಕ್ಕೆ ತುಕ್ಕು. ಶೂ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕಿ, ಗಂಟೆಗೊಂದ್ಸಲ ಬದಲಾಯಿಸಿ. ಅಷ್ಟೇ.

ಆಮೇಲೆ ಬಿಸಿ ನೀರು, ಶುಂಠಿ ಕಾಳುಮೆಣಸಿನ ಕಷಾಯ, ಊರಿಂದ ಬಂದ ಹಲಸಿನ ಹಪ್ಪಳ ಗ್ಯಾಸ್ ಮೇಲೆ ಸುಟ್ಟಿದ್ದು. ಬಚ್ಚಲ ಒಲೆ ಮುಂದೆ ಕೂತು ಅಡಿಕೆ ಹಾಳೆ ಉರಿಯೋದನ್ನ ನೋಡೋ ಸುಖ ಇಲ್ಲಿಲ್ಲ, ರೇಡಿಯೇಟರ್‌ಗೆ ಬೆನ್ನು ಕೊಟ್ಟು ಕೂರೋದು. ಅದರ ಮೇಲೆ ಬನಿಯನ್, ಸಾಕ್ಸ್, ಗ್ಲೌಸ್ ಒಣಗೋಕೆ ಹಾಕಿರ್ತೀನಿ, ಹತ್ತು ನಿಮಿಷಕ್ಕೆ ಮನೆ ತುಂಬ ಒದ್ದೆ ಕುರಿ ವಾಸನೆ. ಹೆಂಡತಿ ಬೆಂಗಳೂರಿನವಳು, ಮೂಗು ಮುಚ್ಕೊಂಡು ಈ ಚಳೀಲೂ ಕಿಟಕಿ ತೆಗೀತಾಳೆ. ನಂಗೆ ಅದು ಆಷಾಢದ ಸಂಜೆ ನಮ್ಮನೆ ಜಗಲಿ ಗೂಟಕ್ಕೆ ನೇತು ಹಾಕಿರ್ತಿದ್ದ ಅಜ್ಜನ ಕಂಬಳಿ, ಕೆಳಗೆ ತೊಟ್ಟಿಕ್ಕಿ ತೊಟ್ಟಿಕ್ಕಿ ಸಣ್ಣ ಮಡು ಆಗಿರ್ತಿತ್ತು.

ಸಂಜೆ ಫೋನಲ್ಲಿ ಇದನ್ನ ಅಪ್ಪಯ್ಯಂಗೆ ಹೇಳಿದೆ. ಅವರು ಸೀರಿಯಸ್ಸಾಗಿ, ಪೆಟ್ಟಿಗೇಲಿ ಅಜ್ಜಂದು ಒಂದು ಇನ್ನೂ ಚೆನ್ನಾಗಿದೆ, ಕಳಿಸ್ಲಾ ಅಂದ್ರು. ಕೊರಿಯರ್‌ನವರನ್ನ ವಿಚಾರಿಸಿದ್ರಂತೆ, ಚಾರ್ಜ್ ಕೇಳಿ ಅಮ್ಮ ಅಂದಿದ್ದು: "ಆ ದುಡ್ಡಿಗೆ ಕುರೀನೇ ಬರತ್ತೆ".