ಕಪ್ಪು ಹಲಗೆಯ ಮೇಲಿನ ಮನೆ

ಕಾಲೇಜಿನಲ್ಲಿ ನಮಗೆ ಮನೋವಿಜ್ಞಾನ ಕಲಿಸಿದ ಮೇಷ್ಟ್ರು ಹೋದರು ಎಂಬ ಸುದ್ದಿ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿಗೆ ಬೆಳಗಿನ ಜಾವ ಬಂತು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬೀಳತೊಡಗಿದವು. ನನಗೆ ಏನು ಹಾಕಬೇಕೋ ತೋಚಲಿಲ್ಲ. ಒಂದು ಹಾಳೆ ಎಳೆದುಕೊಂಡು ಮನೆಯೊಂದನ್ನು ಗೀಚಿದೆ. ಎರಡು ಅಂತಸ್ತು ನೆಲದ ಮೇಲೆ, ಎರಡು ನೆಲದ ಕೆಳಗೆ. ಅವರ ಬಳಿ ಕಲಿತವರಿಗೆ ಅದು ಯಾವ ಮನೆ ಎಂದು ಹೇಳಬೇಕಾಗಿಲ್ಲ. ಕಲಿಯುವ ಅವಕಾಶ ಸಿಗದ ಇಂದಿನ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನವೇ ಅವರು ಹಾಜರಿ ಪುಸ್ತಕ ತೆರೆಯದೆ ನೇರ ಬೋರ್ಡಿನ ಹತ್ತಿರ ಹೋಗಿ ಮನೆಯ ಸೂರಿನಿಂದ ಚಿತ್ರ ಶುರು ಮಾಡಿದರು. "ಮನೆ ಕಟ್ಟೋರು ಪಾಯದಿಂದ ಹತ್ತುತ್ತಾ ಬರ್ತಾರೆ. ಮನಸ್ಸಿನ ವಿಷಯದಲ್ಲಿ ನಮಗೆ ಆ ಭಾಗ್ಯ ಇಲ್ಲ. ಮೇಲಿಂದಲೇ ಇಳೀಬೇಕು" ಅಂದರು. ಆಮೇಲೆ ಕಥೆ. 1909ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಮತ್ತು ಆಗ ಅವರ ಶಿಷ್ಯನಂತಿದ್ದ ಸ್ವಿಸ್ ಮನೋವೈದ್ಯ ಯೂಂಗ್ ಇಬ್ಬರೂ ಕ್ಲಾರ್ಕ್ ವಿಶ್ವವಿದ್ಯಾಲಯದ ಆಹ್ವಾನದ ಮೇಲೆ ಅಮೆರಿಕಕ್ಕೆ ಹಡಗಿನಲ್ಲಿ ಹೋದರು. ಆ ಪ್ರವಾಸದಲ್ಲಿ ಒಬ್ಬರ ಕನಸನ್ನು ಇನ್ನೊಬ್ಬರು ಕೇಳುವುದು, ಬಿಡಿಸುವುದು. ಯೂಂಗ್ ಕಂಡ ಒಂದು ಕನಸಿನಲ್ಲಿ ಮನೆಯ ಮೇಲಂತಸ್ತು ಅಂದವಾದ ಹಳೆಯ ಪೀಠೋಪಕರಣಗಳ ಕೋಣೆ. ಕೆಳಗಿನದು ಇನ್ನೂ ಹಳೆಯದು, ಹದಿನೈದು ಹದಿನಾರನೆಯ ಶತಮಾನದ್ದು. ಅಲ್ಲಿಂದ ಕಲ್ಲಿನ ಮೆಟ್ಟಿಲಿಳಿದರೆ ರೋಮನ್ನರ ಕಾಲದ ಗೋಡೆಗಳ ನೆಲಮಾಳಿಗೆ. ಅದರ ನೆಲಹಾಸಿನಲ್ಲಿ ಉಂಗುರ ಹಾಕಿದ ಒಂದು ಕಲ್ಲು. ಎತ್ತಿದರೆ ಬಂಡೆ ಕೊರೆದ ಗವಿ. ಅಲ್ಲಿ ಧೂಳು, ಮೂಳೆ, ಒಡೆದ ಮಡಕೆಯ ಚೂರು, ಅರ್ಧ ಸವೆದ ಎರಡು ಮನುಷ್ಯರ ತಲೆಬುರುಡೆ.

ಆ ಬುರುಡೆಗಳನ್ನು ಅವರು ಬರೆದ ರೀತಿ ನನ್ನ ಕಣ್ಣಿಗೆ ಇಂದಿಗೂ ಕಟ್ಟಿದೆ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಎರಡು ಬಿಳಿ ಉಂಡೆ ಮಾಡಿದರು. ಆಮೇಲೆ ಹೆಬ್ಬೆರಳನ್ನು ನಾಲ್ಕು ಸಲ ಒತ್ತಿ ತೆಗೆದರು. ಬೆರಳು ಬಿದ್ದಲ್ಲೆಲ್ಲ ಕಪ್ಪು ಕಣ್ಣಿನ ಗುಳಿ ಮೂಡಿತು. ಬೆರಳಿಗಂಟಿದ ಸುಣ್ಣವನ್ನು ಒರೆಸಿಕೊಳ್ಳದೆ ಹಾಗೇ ನಿಂತು, "ಇದು ಯಾರದು?" ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಗಂಟೆ ಹೊಡೆಯಿತು. ಹೊರಟೇಬಿಟ್ಟರು.

ಆ ವರ್ಷದ ಪಠ್ಯಕ್ರಮದಲ್ಲಿ ಇನ್ನೇನೇನಿತ್ತೋ ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು. ಒಬ್ಬ ಮನುಷ್ಯ ತನ್ನಿಂದಲೇ ಬಚ್ಚಿಟ್ಟುಕೊಂಡದ್ದು ಕೆಳಗಿನ ಕೋಣೆಯಲ್ಲಿದೆ ಅಂತ ಫ್ರಾಯ್ಡ್ ತೋರಿಸಿದರು. ಅದರ ಕೆಳಗೆ ಯಾರೊಬ್ಬರ ಸ್ವಂತದ್ದೂ ಅಲ್ಲದ, ಎಲ್ಲರಿಗೂ ಸೇರಿದ ಇನ್ನೊಂದು ನೆಲೆಯಿದೆ, ಪುರಾಣಗಳೂ ಕಾಲ್ಪನಿಕ ಕಥೆಗಳೂ ಅಲ್ಲಿಂದ ಏಳುತ್ತವೆ ಅಂತ ಯೂಂಗ್ ಹಟ ಹಿಡಿದರು. ಆ ನೆಲೆಗೆ ಸಾಮೂಹಿಕ ಸುಪ್ತಪ್ರಜ್ಞೆ ಎಂದೂ ಅಲ್ಲಿನ ಅಚ್ಚುಗಳಿಗೆ ಆದಿರೂಪ ಎಂದೂ ನಾವು ಬರೆದುಕೊಂಡೆವು. ಮೇಷ್ಟ್ರು ಮಾತ್ರ ಈ ಪದಗಳನ್ನು ಬಳಸುತ್ತಿದ್ದುದು ಕಡಿಮೆ. ಅವರು ಹೇಳುತ್ತಿದ್ದುದು 'ಕೆಳಗಿನವರು' ಅಂತ, ಮನೆಯ ಹಿರಿಯರ ಬಗ್ಗೆ ಮಾತಾಡುವ ಹಾಗೆ.

ಸಮುದ್ರ ಮಥನದ ಪಾಠ ಮರೆತೇನೆಂದರೂ ಮರೆಯಲಾಗದು. ಅಮೃತ ಬೇಕು ಅಂತ ಕಡೆದರು, ಮೇಲೆದ್ದದ್ದು ಹಾಲಾಹಲ. "ಆಳವನ್ನು ಕಲಕಿದೋರಿಗೆಲ್ಲ ಇದೇ ಅನುಭವ" ಅಂದರು. ದೇವತೆಗಳೂ ಓಡಿದರು, ಅಸುರರೂ ಓಡಿದರು. ಶಿವನೊಬ್ಬ ಅದನ್ನು ಬಾಯಿಗೆ ಹಾಕಿಕೊಂಡ. ನುಂಗಿದ್ದರೆ ಸುಡುತ್ತಿತ್ತು, ಉಗುಳಿದ್ದರೆ ಲೋಕ ಸುಡುತ್ತಿತ್ತು. ಕಂಠದಲ್ಲಿ ನಿಲ್ಲಿಸಿಕೊಂಡ. ಕೋಪವನ್ನು, ಅಸೂಯೆಯನ್ನು, ದುಃಖವನ್ನು ಒಳಕ್ಕೆ ತಳ್ಳುವುದೂ ಅಲ್ಲ, ಎದುರಿಗಿದ್ದವರ ಮೇಲೆ ಕಾರುವುದೂ ಅಲ್ಲ, ಹಿಡಿದುಕೊಂಡು ಇರುವ ಮೂರನೆಯ ದಾರಿ ಅದು. ನಾನು ಕೈಯೆತ್ತಿ, "ಹಾಗಾದರೆ ಸರ್, ನೀಲಕಂಠ ಅಂದರೆ ಮನೋವಿಜ್ಞಾನದ ಒಂದು ಉದಾಹರಣೆ ಅಂತಲಾ?" ಎಂದು ಕೇಳಿದೆ. ಅವರು ಖುಷಿಯಾದರು. "ಒಳ್ಳೇ ಪ್ರಶ್ನೆ ಕಣಮ್ಮ. ಉಲ್ಟಾ ಬರ್ಕೋ. ಮನೋವಿಜ್ಞಾನ ಆ ಕಂಠಕ್ಕೆ ಬರೆದ ಒಂದು ಟಿಪ್ಪಣಿ. ಕಥೆ ದೊಡ್ಡದು." ಆ ತರಗತಿಯಲ್ಲಿ ಅವರು ಒಳ್ಳೆಯ ಪ್ರಶ್ನೆ ಅಂದದ್ದು ನನ್ನದಕ್ಕೊಂದಕ್ಕೇ ಎಂಬುದನ್ನು ನನ್ನ ಗೆಳತಿಯರು ಈಗಲೂ ಒಪ್ಪುತ್ತಾರೆ.

ಅವರಿಗೆ ಎದುರಾಳಿಯಾಗಿ ಪ್ರಯೋಗಾಲಯದ ಮೇಡಂ ಇದ್ದರು. ಮೇಡಂಗೆ ಯೂಂಗ್ ಬೇಡವೆಂದಲ್ಲ, ಬೇಕಾದ ಯೂಂಗ್ ಬೇರೆ. ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಮಾನಸಿಕ ಆಸ್ಪತ್ರೆಯಲ್ಲಿ 1900ರ ಕೊನೆಗೆ ಕೆಲಸಕ್ಕೆ ಸೇರಿ, ನೂರು ಪದಗಳ ಪಟ್ಟಿ ಹಿಡಿದು, ಒಂದೊಂದೇ ಪದ ಹೇಳಿ, ಉತ್ತರ ಬರಲು ಹಿಡಿದ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆದ ಯುವಕ ವೈದ್ಯ ಅವರ ಯೂಂಗ್. ಎಲ್ಲಿ ತಡವಾಯಿತೋ ಅಲ್ಲಿ ಏನೋ ಗಂಟಿದೆ ಎಂದು ಅರ್ಥ. ನಮಗೂ ಆ ಪರೀಕ್ಷೆ ಮಾಡಿಸಿದರು. 'ನೀರು' ಅಂದರೆ ತಕ್ಷಣ 'ದಾಹ' ಅಂದವಳು 'ಅಣ್ಣ' ಎಂಬ ಪದಕ್ಕೆ ಬಂದಾಗ ತಡವರಿಸಿದೆ. ಮೇಡಂ ಏನೂ ಅನ್ನದೆ ಅಂಕಿ ಬರೆದುಕೊಂಡರು.

ಮೇಷ್ಟ್ರ ಜೊತೆ ಅವರ ದೊಡ್ಡ ಜಗಳ ಸೂರ್ಯನ ಕೊಳವೆಯದು. ಆಸ್ಪತ್ರೆಯ ರೋಗಿಯೊಬ್ಬ ಸೂರ್ಯನಿಂದ ಕೊಳವೆಯೊಂದು ಇಳಿಬಿದ್ದಿದೆ, ಗಾಳಿ ಹುಟ್ಟುವುದು ಅಲ್ಲಿಂದಲೇ ಅಂದನಂತೆ. ಅದೇ ಚಿತ್ರ ಯೂಂಗ್‌ಗೆ 1910ರಲ್ಲಿ ರೋಮನ್ನರ ಕಾಲದ ಮಿತ್ರ (ಮಿಥ್ರಾಸ್) ಎಂಬ ದೇವರ ಆರಾಧನೆಯ ಪುರಾತನ ಪಠ್ಯವೊಂದರಲ್ಲಿ ಸಿಕ್ಕಿತು. ರೋಗಿ ಅದನ್ನು ಓದಿರಲು ಸಾಧ್ಯವೇ ಇಲ್ಲ, ಆದ್ದರಿಂದ ಚಿತ್ರ ಆಳದಿಂದಲೇ ಬಂದದ್ದು ಎಂದು ಯೂಂಗ್ ವಾದ. "ಆ ಪುಸ್ತಕದ ಮೊದಲ ಮುದ್ರಣ 1903ರದ್ದು ಸಾರ್. ಕಥೆಗಳಿಗೆ ಕಾಲಿದೆ, ನಡೆದುಕೊಂಡು ಹೋಗ್ತವೆ. ಎಲ್ಲಾ ಒಂದೇ ಬಾವಿಯಿಂದ ಏಳಬೇಕಾಗಿಲ್ಲ" ಎಂದು ಮೇಡಂ ನಮ್ಮೆದುರಿಗೇ ಅಂದರು. ಮೇಷ್ಟ್ರು ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಮರುದಿನ ತರಗತಿಗೆ ಬಂದು ಮೇಡಂ ಹೇಳಿದ್ದನ್ನು ಅವರ ಹೆಸರಿನಲ್ಲೇ ಬೋರ್ಡಿನ ಮೇಲೆ ಬರೆದರು. ಇನ್ನೂ ಒಂದನ್ನು ತಾವಾಗಿ ಸೇರಿಸಿದರು. ನೆರಳಿನ ಬಗ್ಗೆ, ಅಂದರೆ ನಾವು ನಮ್ಮದೆಂದು ಒಪ್ಪದೆ ಪರರ ಮೇಲೆ ಹೊರಿಸುವ ನಮ್ಮದೇ ಕತ್ತಲೆಯ ಬಗ್ಗೆ ಅಷ್ಟು ಬರೆದ ಯೂಂಗ್, 1933ರಲ್ಲಿ ಮನೋಚಿಕಿತ್ಸಕರ ಸಂಘದ ಅಧ್ಯಕ್ಷರಾಗಿ, ನಾಜಿಗಳ ಆ ಕಾಲದಲ್ಲೇ ಯಹೂದಿ ಮನಸ್ಸು ಬೇರೆ, ಜರ್ಮನ್ ಮನಸ್ಸು ಬೇರೆ ಎಂಬಂತೆ ಬರೆದರು. "ದೀಪ ಹಿಡಿದವನ ಬೆನ್ನ ಹಿಂದೆಯೂ ನೆರಳು ಬೀಳುತ್ತೆ" ಅಂದರು. ತಾನು ಪ್ರೀತಿಸುವ ಚಿಂತಕನನ್ನು ಹೀಗೆ ಬೆಳಕಿಗೆ ಹಿಡಿಯುವ ಅಧ್ಯಾಪಕರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಇನ್ನು ನಮ್ಮ ಕಿತಾಪತಿ. ಹಿಂದಿನ ಬೆಂಚಿನ ನಾವು ಮೂವರು ಹುಡುಗಿಯರು ಸೇರಿ ಪ್ರಾಕ್ಟಿಕಲ್ ರೆಕಾರ್ಡಿನ ಕೊನೆಯ ಹಾಳೆಯಲ್ಲಿ ಒಂದು ಕನಸು ಹೆಣೆದೆವು. ಹಾಳು ಬಾವಿ, ನೀರಿನೊಳಗೆ ಉರಿಯುವ ದೀಪ, ಅದರ ಪಕ್ಕ ಕೈಬೀಸಿ ಕರೆಯುವ ಮಗು. ಮೇಷ್ಟ್ರು ಅದಕ್ಕೆ ಉದ್ದುದ್ದ ಅರ್ಥ ಹೇಳಬೇಕು, ಮುಗಿದ ಮೇಲೆ ನಾವು ಗುಟ್ಟು ಬಿಡಬೇಕು ಅನ್ನುವುದು ಉಪಾಯ. ಹೇಳುವ ಪಾತ್ರ ನನ್ನದು. ಎದ್ದು ನಿಂತು ಹೇಳಿದೆ. ಅವರು ಅರ್ಥ ಹೇಳುವ ಗೋಜಿಗೇ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳತೊಡಗಿದರು.

"ಬಾವಿಗೆ ಕಟ್ಟೆ ಇತ್ತೇನಮ್ಮ?"

"ಇತ್ತು ಸರ್."

"ಹಗ್ಗ?"

"ಇರಲಿಲ್ಲ."

"ಮಗು ಬರಿಗೈಲಿತ್ತಾ?"

ಇದು ನಮ್ಮ ಹಾಳೆಯಲ್ಲಿ ಇರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. "ಕನ್ನಡಕ ಹಿಡಕೊಂಡಿತ್ತು ಸರ್."

"ಗಾಜು ನೆಟ್ಟಗಿತ್ತಾ?"

"ಒಂದು ಒಡೆದಿತ್ತು."

ಅಂದ ಮೇಲೆ ನನ್ನ ಗಂಟಲು ಒಣಗಿತು. ಹಿಂದಿನ ವರ್ಷ ಜಗಳದಲ್ಲಿ ಅಣ್ಣನ ಕನ್ನಡಕ ಕಿತ್ತು ಗೋಡೆಗೆ ಎಸೆದಿದ್ದೆ. ಎಡಗಡೆಯ ಗಾಜು ಎರಡು ಹೋಳಾಗಿತ್ತು. ಅಂದಿನಿಂದ 11 ತಿಂಗಳು ಒಂದೇ ಸೂರಿನಡಿ ಇದ್ದು ನಾವಿಬ್ಬರೂ ಮಾತಾಡಿರಲಿಲ್ಲ. ಗೆಳತಿಯರಿಗೂ ಇದು ಗೊತ್ತಿರಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟರು. "ಸಾಕಮ್ಮ, ಕೂತ್ಕೋ" ಅಂದರು. ಆಗ ಪಕ್ಕದಲ್ಲಿದ್ದವಳು ತಡೆಯಲಾರದೆ, "ಸರ್, ಅದು ಸುಳ್ಳು ಕನಸು, ನಾವೇ ಕಟ್ಟಿದ್ದು" ಎಂದು ಕೂಗಿದಳು. ಕ್ಲಾಸೆಲ್ಲ ನಕ್ಕಿತು.

"ಗೊತ್ತಾಯ್ತು. ನಿಜವಾದ ಕನಸನ್ನ ಇಷ್ಟು ಅಚ್ಚುಕಟ್ಟಾಗಿ ಯಾರೂ ಹೇಳಲ್ಲ. ಆದ್ರೆ ಕಟ್ಟಿದ ಕನಸಿಗೂ ಸರಕು ಎಲ್ಲಿಂದಲೋ ಬರಬೇಕಲ್ಲ" ಅಂದರು. ಕಾದಂಬರಿಕಾರ ಯೆನ್ಸೆನ್ ತನ್ನ ಪಾತ್ರಕ್ಕಾಗಿ ಕಲ್ಪಿಸಿದ ಕನಸುಗಳನ್ನು ಫ್ರಾಯ್ಡ್ 1907ರಲ್ಲಿ ನಿಜವಾದ ಕನಸುಗಳಷ್ಟೇ ಶ್ರದ್ಧೆಯಿಂದ ಬಿಡಿಸಿ ಬರೆದದ್ದನ್ನು ಹೇಳಿದರು. ಆಮೇಲೆ ಮೊದಲ ದಿನ ಅರ್ಧಕ್ಕೆ ಬಿಟ್ಟಿದ್ದ ಬುರುಡೆಗಳ ಕಥೆಯನ್ನು ಎತ್ತಿಕೊಂಡರು. ಫ್ರಾಯ್ಡ್ ಪಟ್ಟು ಹಿಡಿದು ಕೇಳಿದ್ದು ಅದನ್ನೇ ಅಂತೆ, ಬುರುಡೆ ಯಾರದು? ಯಾರ ಸಾವನ್ನು ನೀವು ಬಯಸಿದ್ದೀರಿ? ಯೂಂಗ್ ಅಂಥ ಬಯಕೆ ತನ್ನಲ್ಲಿಲ್ಲ ಅಂದುಕೊಂಡರೂ, ಗುರುವಿನ ಸಮಾಧಾನಕ್ಕೆ, ನನ್ನ ಹೆಂಡತಿ ಮತ್ತು ನಾದಿನಿಯದು ಅಂದುಬಿಟ್ಟರು. ಅಪ್ಪಟ ಸುಳ್ಳು. 1913ರ ಹೊತ್ತಿಗೆ ಇಬ್ಬರ ಸ್ನೇಹವೇ ಮುರಿಯಿತು. "ನಿಮ್ಮದು ಅದಕ್ಕಿಂತ ವಾಸಿ. ಅವರು ನಿಜವಾದ ಕನಸಿಗೆ ಸುಳ್ಳು ಉತ್ತರ ಕೊಟ್ರು. ಇವಳು ಸುಳ್ಳು ಕನಸಿಗೆ ನಿಜವಾದ ಉತ್ತರ ಕೊಟ್ಟಳು" ಎಂದು ಹೇಳಿ, ಕನ್ನಡಕದ ವಿಷಯ ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಆ ರಾತ್ರಿ ಅಣ್ಣನ ಕೋಣೆಯ ಬಾಗಿಲು ತಟ್ಟಿದೆ.

ಇಂದು ಆಪ್ತಸಮಾಲೋಚಕಿಯಾಗಿ ನನಗೆ 26 ವರ್ಷ. ನನ್ನೆದುರು ಕೂತು ಮೊದಲ ಸಲ ಬಾಯಿಬಿಟ್ಟವರು ಬಹಳ ಮಂದಿ. ನೀವು ಅರ್ಥ ಹೇಳಲು ಅವಸರ ಮಾಡಲಿಲ್ಲ ಅಂತ ಅವರು ಹೇಳಿದಾಗಲೆಲ್ಲ ಮೇಷ್ಟ್ರ ಮುಚ್ಚಿದ ಕಣ್ಣು ನೆನಪಾಗುತ್ತದೆ. ಸೈಕಾಲಜಿ ಎಂಬ ಪದದ ಮೂಲವಾದ ಸೈಕೀ ಅಂದರೆ ಗ್ರೀಕರಲ್ಲಿ ಆತ್ಮ, ಚಿಟ್ಟೆಗೂ ಅದೇ ಪದ. ಹಳೆಯ ಪುರಾಣಕಥೆಯೊಂದರಲ್ಲಿ ಆ ಹೆಸರಿನ ಹುಡುಗಿಗೆ ಬಿದ್ದ ಮೊದಲ ಕೆಲಸ ಕಲಸಿಹೋದ ಕಾಳುಗಳ ರಾಶಿಯನ್ನು ಬೇರೆಬೇರೆ ಮಾಡುವುದು. ಅವಳ ಕೈಲಾಗಲಿಲ್ಲ, ಇರುವೆಗಳು ಬಂದು ಮಾಡಿಕೊಟ್ಟವು. ನನ್ನ ಕೆಲಸವೂ ದಿನವಿಡೀ ಇಂಥದ್ದೇ, ಇರುವೆಗಳಿಗಾಗಿ ಕಾಯುವುದು.

ಈಚೆಗೆ ಕಾಲೇಜೊಂದಕ್ಕೆ ಉಪನ್ಯಾಸಕ್ಕೆ ಹೋಗಿದ್ದೆ. ನೆರಳು ಅಂದರೇನು ಎಂದು ಕೇಳಿದೆ. ಹುಡುಗನೊಬ್ಬ ಎರಡು ಅಂಕದ ಉತ್ತರವನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ. ಒಂದಕ್ಷರ ತಪ್ಪಿರಲಿಲ್ಲ. ನಿನಗೆ ಯಾರನ್ನು ಕಂಡರೆ ಮೈಯುರಿಯುತ್ತದೆ ಎಂದು ಕೇಳಿದರೆ ಅದು ಪರೀಕ್ಷೆಗೆ ಬರುತ್ತಾ ಎಂದು ಅನುಮಾನಿಸಿದ. ಕನಸಿಗೆ ಅರ್ಥ ಬೇಕಾದರೆ ಮಕ್ಕಳು ಫೋನಿನಲ್ಲಿ ಹುಡುಕುತ್ತಾರೆ. ಹಾವು ಅಂದರೆ ಇದು, ನೀರು ಅಂದರೆ ಅದು ಅಂತ ತಯಾರಾದ ಉತ್ತರ ಕ್ಷಣದಲ್ಲಿ ಬರುತ್ತದೆ. ಹಾವಿನ ಬಣ್ಣ ಯಾವುದಿತ್ತು ಎಂದು ಕೇಳುವವರಿಲ್ಲ. ತಪ್ಪು ಮಕ್ಕಳದ್ದಲ್ಲ. ಒಂದು ಚಿತ್ರವನ್ನು ಒಂದು ಗಂಟೆ ನೋಡುತ್ತ ಕೂರುವಷ್ಟು ಹೊತ್ತನ್ನು ನಾವು ಅವರ ವೇಳಾಪಟ್ಟಿಯಲ್ಲಿ ಉಳಿಸಿಲ್ಲ. ಈ ಪತ್ರಿಕೆ ಓದುವ ಅಧ್ಯಾಪಕರು ಇದನ್ನು ದೂರು ಎಂದೇ ತೆಗೆದುಕೊಳ್ಳಲಿ.

ಕಳೆದ ಭಾನುವಾರ ನಾವು ಹದಿನೇಳು ಜನ ಮೇಲ್ಮಹಡಿಯ ಆ ಹಳೆಯ ಕೋಣೆಯಲ್ಲಿ ಸೇರಿದ್ದೆವು. ಕಪ್ಪು ಹಲಗೆ ಹೋಗಿ ಬಿಳಿಯದು ಬಂದಿದೆ. ಅಂದು ಗುಟ್ಟು ಬಿಟ್ಟ ಗೆಳತಿ ಮಾರ್ಕರ್ ತೆಗೆದುಕೊಂಡು ಸೂರಿನಿಂದ ಶುರು ಮಾಡಿ ಗವಿಯವರೆಗೆ ಇಳಿಸಿ ಅಲ್ಲಿಗೆ ನಿಲ್ಲಿಸಿದಳು. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದ ಮೇಡಂ, "ಬುರುಡೆ ಎಲ್ಲೇ?" ಅಂದರು. ಅವಳಿಗೆ ಕೈ ಬರಲಿಲ್ಲ. ಮೇಡಂ ನನ್ನ ಭುಜ ಹಿಡಿದು ಎದ್ದರು. ನಿಧಾನವಾಗಿ ಎರಡು ಉಂಡೆ ಬರೆದು, ಒಳಗೆ ತುಂಬಿ, ಶಾಯಿ ಆರುವ ಮೊದಲೇ ಹೆಬ್ಬೆರಳನ್ನು ಒತ್ತಿ ತೆಗೆದರು. ಒಂದು, ಎರಡು, ಮೂರು, ನಾಲ್ಕು.