ಈ ನರ ಯಾವ ಚಾಪ್ಟರಿನದು?

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಮ್ಮ ನರ್ಸಿಂಗ್ ಕಾಲೇಜೂ ಹೆಚ್ಚುಕಮ್ಮಿ ಅದೇ ಟೈಮಿಗೆ ಹೊಂದಿಕೊಂಡಿತ್ತು. ಅದಕ್ಕೇ ಅನಾಟಮಿ ಹಾಲ್ ತೋರಿಸಲು ಊರಿನದೇ ಒಂದು ಮೆಡಿಕಲ್ ಕಾಲೇಜಿಗೆ ಕರೆದೊಯ್ದ ದಿನ ಬಿಸಿಲೇರುವ ಮೊದಲೇ ಹೊರಟೆವು. ನನ್ನ ರೂಮ್‌ಮೇಟ್ ರುಬೀನಾ ಬ್ಯಾಗಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡಿದ್ದಳು. ದೇಹ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆಗೆ ತಲೆ ತಿರುಗಿದರೆ ಮೂಸಿ ನೋಡಬಹುದು ಅಂತ ಸೀನಿಯರ್‌ಗಳು ಹೇಳಿದ್ದರಂತೆ.

ನಾನು ಚಿತ್ತಾಪುರ ತಾಲ್ಲೂಕಿನವಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ನರ್ಸಿಂಗ್ ಮೊದಲ ವರ್ಷದಲ್ಲಿ ಅನಾಟಮಿ, ಫಿಸಿಯಾಲಜಿ ಕೈಗೆ ಬಂದಾಗ ನಾನು ಕಂಡುಕೊಂಡ ದಾರಿ ಒಂದೇ: ಒಂದೊಂದು ವ್ಯವಸ್ಥೆಗೆ ಒಂದೊಂದು ನೋಟ್‌ಬುಕ್. ಎಲುಬಿಗೆ ಬಿಳಿ ಲೇಬಲ್, ರಕ್ತಕ್ಕೆ ಕೆಂಪು, ಉಸಿರಾಟಕ್ಕೆ ನೀಲಿ, ಮೂತ್ರಕ್ಕೆ ಹಳದಿ. 206 ಎಲುಬು, ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು, ಒಂದು ಕಿಡ್ನಿಗೆ ರಕ್ತ ಸೋಸುವ ಸುಮಾರು 10 ಲಕ್ಷ ನೆಫ್ರಾನ್. ಬಾಯಿಪಾಠ ಮಾಡುವುದರಲ್ಲಿ ನಾನು ಯಾರಿಗೂ ಕಮ್ಮಿ ಇರಲಿಲ್ಲ.

ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಮೂಗಿಗಿಂತ ಮೊದಲು ಕಣ್ಣು ಉರಿಯಿತು. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕಾಕಾ, "ಕಣ್ಣ್ ತಿಕ್ಕಬ್ಯಾಡ್ರಿ ಅವ್ವ, ಜರಾ ಹೊತ್ತಿಗಿ ರೂಢಿ ಆಗ್ತದ" ಅಂದರು. ಸ್ಟೀಲ್ ಟೇಬಲ್ ಮೇಲೆ ದೇಹ ಇತ್ತು. ಮುಖಕ್ಕೆ ಬಟ್ಟೆ ಹೊದಿಸಿದ್ದರು. ನಮಗೆ ತೋರಿಸಲು ಬಂದ ಮೇಡಂ ಮೊದಲು ಎಲ್ಲರಿಗೂ ಕೈ ಮುಗಿಯಲು ಹೇಳಿದರು. "ಇವರು ಬದುಕಿದ್ದಾಗಲೇ ಸಹಿ ಹಾಕಿ ಕೊಟ್ಟ ದೇಹ ಇದು. ಹೆಸರು ನಿಮಗೆ ಬೇಡ. ಮರ್ಯಾದೆ ಬೇಕು" ಅಂದರು. ನಗುತ್ತಿದ್ದ ಹಿಂದಿನ ಸಾಲು ತಣ್ಣಗಾಯಿತು.

ಚಿತ್ರದಲ್ಲಿ ನೋಡಿದ್ದಕ್ಕೂ ಅಲ್ಲಿ ಕಂಡದ್ದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು. ಪುಸ್ತಕದಲ್ಲಿ ಶುದ್ಧ ರಕ್ತನಾಳ ಕೆಂಪು, ಅಶುದ್ಧ ರಕ್ತನಾಳ ನೀಲಿ, ನರ ಹಳದಿ. ಅಲ್ಲಿ ಎಲ್ಲವೂ ಒಂದೇ ಮಾಸಿದ ಕಂದು. ಹೃದಯವನ್ನು ನನ್ನ ಕೈಗೆ ಕೊಟ್ಟರು. ಸುಮಾರು 300 ಗ್ರಾಂ, ಅಷ್ಟೇ. ಆದರೆ ಕತ್ತರಿಸಿದ ಅಂಚಿನಲ್ಲಿ ಬೆರಳಿಟ್ಟರೆ ಎಡ ಹೃತ್ಕುಕ್ಷಿಯ ಗೋಡೆ ಬಲಕ್ಕಿಂತ ಮೂರು ಪಟ್ಟು ದಪ್ಪ ಅನ್ನುವುದು ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತದೆ. ಬಲಕ್ಕೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು. ಎಡಕ್ಕೆ ನೆತ್ತಿಯಿಂದ ಹೆಬ್ಬೆರಳವರೆಗೆ ಕಳಿಸುವ ಕೆಲಸ. ತೊಡೆಯ ಹಿಂದೆ ಬಿಡಿಸಿಟ್ಟಿದ್ದ ಸಯಾಟಿಕ್ ನರ ನೋಡಿ ರುಬೀನಾ "ಇದು ನರ ಅಲ್ಲ, ಹಗ್ಗ" ಅಂದಳು. ನರ ಅಂದರೆ ದಾರದೆಳೆ ಅಂದುಕೊಂಡಿದ್ದೆವು. ಅದು ಹೆಬ್ಬೆರಳಷ್ಟು ದಪ್ಪ ಇತ್ತು.

ಆಮೇಲೆ ಮೇಡಂ ಎದೆಗೂಡಿನೊಳಗೆ ಫೋರ್ಸೆಪ್ಸ್ ಇಳಿಸಿ ತೆಳ್ಳಗಿನ ಬಿಳಿಚಿದ ಎಳೆಯೊಂದನ್ನು ಮೆಲ್ಲಗೆ ಎತ್ತಿ ಹಿಡಿದರು. "ಇದು ಯಾವ ಚಾಪ್ಟರ್?"

ನಾವು ಬಗ್ಗಿ ನೋಡಿದೆವು. ಎಳೆ ಕೊರಳಿನಿಂದ ಇಳಿದಿತ್ತು. ಶ್ವಾಸಕೋಶದ ಬುಡದ ಮುಂದೆ ಹಾದು, ಹೃದಯದ ಚೀಲಕ್ಕೆ ಅಂಟಿಕೊಂಡೇ ಸಾಗಿ, ಕೆಳಗೆ ಎದೆ, ಹೊಟ್ಟೆ ನಡುವಿನ ಸ್ನಾಯುವಾದ ವಪೆಗೆ ಹೋಗಿ ಸೇರಿತ್ತು. ಒಬ್ಬರು ನರವ್ಯೂಹ ಅಂದರು. ಒಬ್ಬರು ಉಸಿರಾಟ. ಹೃದಯದ ಪಕ್ಕ ಇದೆಯಲ್ಲ ಅಂತ ಶರಣು ರಕ್ತಪರಿಚಲನೆ ಅಂದ. ಮೇಡಂ ಯಾವುದಕ್ಕೂ ಸೈ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ.

ಅದು ಫ್ರೆನಿಕ್ ನರ. ಕುತ್ತಿಗೆಯ ಮೂರು, ನಾಲ್ಕು, ಐದನೇ ನರಬೇರುಗಳಿಂದ ಹುಟ್ಟುತ್ತದೆ. ನಾವು ಉಸಿರೆಳೆಯುವಾಗ ವಪೆ ಕೆಳಗೆ ಇಳಿಯುವುದು ಇದರ ಆಜ್ಞೆಯಿಂದ. ಹೊಟ್ಟೆಯ ಮೇಲಿರುವ ಸ್ನಾಯುವಿಗೆ ಕೊರಳಿನಿಂದ ಯಾಕೆ ನರ ಬರಬೇಕು? ಭ್ರೂಣದಲ್ಲಿ ವಪೆ ಶುರುವಾಗುವುದೇ ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಅದು ಕೆಳಗೆ ಸರಿಯುತ್ತದೆ, ನರವನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಅದಕ್ಕೇ ಮರದಿಂದ ಬಿದ್ದು ಕುತ್ತಿಗೆ ಮೇಲ್ಭಾಗದಲ್ಲಿ ಮುರಿದರೆ ಎದೆಗೆ ಏಟಾಗದಿದ್ದರೂ ಉಸಿರು ನಿಲ್ಲಬಹುದು. ವಪೆಯ ಕೆಳಗೆ ಏನಾದರೂ ಕೆರಳಿದರೆ ನೋವು ಭುಜದ ತುದಿಯಲ್ಲಿ ಕಾಣಬಹುದು. "ಪೇಷಂಟ್ ಭುಜ ನೋವು ಅಂದರೆ ಬರೀ ಭುಜ ನೋಡಬೇಡಿ" ಅಂದರು ಮೇಡಂ. ನಾನು ಯಾವ ನೋಟ್‌ಬುಕ್ ತೆಗೆಯಲಿ ಅಂತ ಗೊತ್ತಾಗದೆ ಕೈ ಮೇಲೇ ಬರೆದುಕೊಂಡೆ.

ಅಲ್ಲೇ ಕಪಾಟಿನಲ್ಲಿ ಗಾಜಿನ ಜಾಡಿಗಳ ಸಾಲು ಇತ್ತು. ಒಂದರಲ್ಲಿ ಕಿಡ್ನಿ, ಒಂದರಲ್ಲಿ ಜಠರ, ಒಂದರಲ್ಲಿ ಯಕೃತ್ತಿನ ತುಂಡು. ಪರೀಕ್ಷೆಗೆ ಅವೇ ಬರುತ್ತವೆ, ನೋಡಿಕೊಳ್ಳಬೇಕು ನಿಜ. ಆದರೆ ಆ ನರ ನೋಡಿದ ಮೇಲೆ ಜಾಡಿಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಹಾಲ್‌ನಲ್ಲಿ ಯಾರೂ ಬೀಳಲಿಲ್ಲ. ನಿಂಬೆಹಣ್ಣು ಖರ್ಚಾಗಲೇ ಇಲ್ಲ. ಬಿದ್ದವನು ಶರಣು, ಅದೂ ಹೊರಗೆ, ಬಸ್‌ಗೆ ಕಾಯುವಾಗ. ನಮ್ಮಲ್ಲೆಲ್ಲ ಗಟ್ಟಿ ಆಳು, ಸೇಡಂ ಕಡೆಯವನು, ರಜೆಯಲ್ಲಿ ತೊಗರಿ ಚೀಲ ಹೊರುವವನು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಬಿಸಿಲಲ್ಲಿ ಅಲುಗಾಡದೆ ನಿಂತಿದ್ದ. ಮುಖ ಬಿಳಿಚಿತು, "ಕಣ್ಣ್ ಕತ್ಲಿ ಬರ್ಲಿಕತ್ತದ" ಅಂದ, ಕುಸಿದ. ರುಬೀನಾ ತಲೆ ನೆಲಕ್ಕೆ ಬಡಿಯದಂತೆ ಹಿಡಿದಳು. ನೆರಳಿಗೆ ಎಳೆದು ಮಲಗಿಸಿದೆವು. ಅವನ ಕಾಲನ್ನು ನನ್ನ ಬ್ಯಾಗ್ ಮೇಲೆ ಎತ್ತಿಟ್ಟೆ. ಒಬ್ಬ ಹಿರಿಯರು ಬಾಯಿಗೆ ನೀರು ಸುರಿಯಲು ಬಂದರು. ಎಚ್ಚರ ಬರುವವರೆಗೆ ಬೇಡ ಅಂತ ಕೈ ಅಡ್ಡ ಹಿಡಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಮೊದಲು ಕೇಳಿದ್ದು "ಯಾರ್ ಯಾರ್ ನೋಡಿದ್ರಿ?" ಅಂತ.

ಬಸ್ಸಿನಲ್ಲಿ ಅವನನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಅದರದೇ ಮಾತು. ಸೆಕೆಗೆ ಚರ್ಮದ ರಕ್ತನಾಳಗಳು ಹಿಗ್ಗಿದವು, ರಕ್ತ ಅಲ್ಲಿಗೆ ಹೋಯಿತು. ನಿಂತಲ್ಲೇ ನಿಂತಿದ್ದರಿಂದ ಇನ್ನಷ್ಟು ಕಾಲಿಗೆ ಇಳಿಯಿತು. ಮೀನಖಂಡದ ಸ್ನಾಯು ಅಲುಗಾಡಿದರೆ ರಕ್ತ ಮೇಲಕ್ಕೆ ಏರುತ್ತದೆ, ಅದೂ ಆಗಲಿಲ್ಲ. ಹೃದಯಕ್ಕೆ ವಾಪಸ್ ಬರುವುದು ಕಮ್ಮಿಯಾಯಿತು, ಬಿಪಿ ಇಳಿಯಿತು. ಮೆದುಳು ದೇಹದ ತೂಕದಲ್ಲಿ ಬರೀ 2 ಶೇಕಡಾ. ಆದರೆ ಹೃದಯ ತಳ್ಳುವ ರಕ್ತದಲ್ಲಿ ಸುಮಾರು 15 ಶೇಕಡಾ ಅದಕ್ಕೇ ಬೇಕು. ಕೆಲವೇ ಸೆಕೆಂಡು ಸಾಲದಿದ್ದರೂ ದೀಪ ಆರಿಸಿಬಿಡುತ್ತದೆ. ನೆಲಕ್ಕೆ ಬಿದ್ದ ಕೂಡಲೇ ಹೃದಯ, ಮೆದುಳು ಒಂದೇ ಮಟ್ಟಕ್ಕೆ ಬರುತ್ತವೆ, ಅರ್ಧ ಚಿಕಿತ್ಸೆ ಅಲ್ಲೇ ಆದ ಹಾಗೆ. "ಹಂಗಾರ ನಾ ಬಿದ್ದಿಲ್ಲ, ಟ್ರೀಟ್‌ಮೆಂಟ್ ತಗೊಂಡೀನಿ" ಅಂದ ಶರಣು.

ರೂಮಿಗೆ ಬಂದಾಗ ಕರೆಂಟ್ ಇರಲಿಲ್ಲ. ಜೇವರ್ಗಿ ರೋಡ್ ಕಡೆ ನಮ್ಮದು ಬಾಡಿಗೆ ಕೋಣೆ. ನೆಲಕ್ಕೆ ಶಹಾಬಾದ್ ಕಲ್ಲು. ರುಬೀನಾ ಅದರ ಮೇಲೆ ಒಂದು ಬಕೆಟ್ ನೀರು ಚೆಲ್ಲಿದಳು, ಅದರ ಮೇಲೇ ಕುಳಿತೆವು. ಹೊರಗೆ 42 ದಾಟಿತ್ತು. ಹೊರಗಿನ ಬಿಸಿ ಮೈ ಬಿಸಿಗಿಂತ ಹೆಚ್ಚಾದ ಮೇಲೆ ಗಾಳಿ ಮೈಯನ್ನು ತಂಪು ಮಾಡುವುದಿಲ್ಲ, ಕಾಯಿಸುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊತ್ತುಕೊಂಡು ಹೋಗುತ್ತದೆ. ನಮ್ಮ ಒಣ ಹವೆಯಲ್ಲಿ ಅದು ಬೇಗ ಆರುತ್ತದೆ, ಅದಕ್ಕೇ ಬದುಕಿದ್ದೇವೆ. ಮಂಗಳೂರಿನವರು 34ಕ್ಕೇ ಅಯ್ಯೋ ಅನ್ನುವುದನ್ನು ನಾನು ಇನ್ನು ಆಡಿಕೊಳ್ಳುವುದಿಲ್ಲ. ಅಲ್ಲಿ ಬೆವರು ಆರುವುದೇ ಕಷ್ಟ.

ಆದರೆ ಬೆವರಿನ ನೀರು ಎಲ್ಲಿಂದ ಬರಬೇಕು? ರಕ್ತದಿಂದಲೇ ಅಲ್ವಾ? ಅಲ್ಲಿಂದ ನಮ್ಮ ಜಗಳ ಶುರುವಾಯಿತು. ನೀರು ಕಮ್ಮಿಯಾದಾಗ ಕಿಡ್ನಿ ರೆನಿನ್ ಅನ್ನುವ ಕಿಣ್ವ ಬಿಡುತ್ತದೆ. ಅದು ಯಕೃತ್ತು ತಯಾರಿಸಿ ರಕ್ತಕ್ಕೆ ಬಿಟ್ಟಿರುವ ಆಂಜಿಯೊಟೆನ್ಸಿನೊಜನ್ ಅನ್ನುವ ಪ್ರೋಟೀನನ್ನು ಕತ್ತರಿಸುತ್ತದೆ. ಸಿಕ್ಕ ತುಂಡನ್ನು ಮತ್ತೆ ಕತ್ತರಿಸುವ ಎಸಿಇ ಅನ್ನುವ ಕಿಣ್ವ ಹೆಚ್ಚಾಗಿ ಇರುವುದು ಶ್ವಾಸಕೋಶದ ರಕ್ತನಾಳಗಳ ಒಳಗೋಡೆಯಲ್ಲಿ. ಅಲ್ಲಿಂದ ಹೊರಡುವ ಆಂಜಿಯೊಟೆನ್ಸಿನ್ 2 ರಕ್ತನಾಳ ಬಿಗಿ ಮಾಡುತ್ತದೆ, ಮೆದುಳಿನಲ್ಲಿ ಬಾಯಾರಿಕೆ ಎಬ್ಬಿಸುತ್ತದೆ, ಕಿಡ್ನಿ ಮೇಲೆ ಕೂತ ಅಡ್ರಿನಲ್ ಗ್ರಂಥಿಯಿಂದ ಅಲ್ಡೊಸ್ಟೆರೋನ್ ಅನ್ನುವ ಹಾರ್ಮೋನ್ ಬಿಡಿಸಿ ಉಪ್ಪು ಉಳಿಸಲು ಹೇಳುತ್ತದೆ. ಹಳದಿ ನೋಟ್‌ಬುಕ್ಕಿಗೆ ಬರೆಯೋಣ ಅಂದೆ ನಾನು. ಹಾರ್ಮೋನ್ ಇದೆ, ಎಂಡೊಕ್ರೈನ್‌ಗೆ ಅಂದಳು ರುಬೀನಾ. ಬಿಪಿ ವಿಷಯ, ಕೆಂಪಿಗೇ ಅಂತ ಮತ್ತೆ ನಾನೇ ಅಂದೆ. ಕೊನೆಗೆ ಅವಳು ರೇಗಿ, "ಭೀಮಾ ಹೊಳಿ ಅಫಜಲಪುರ ತಾಲ್ಲೂಕ ಮುಗೀತಂತ ಜೇವರ್ಗಿ ಗಡಿಯಾಗ ನಿಂದರ್ತದೇನ?" ಅಂದಳು.

ಸಂಜೆ ಸೂಪರ್ ಮಾರ್ಕೆಟ್‌ಗೆ ಹೋಗಿ ದೊಡ್ಡ ಚಾರ್ಟ್ ಶೀಟ್ ತಂದೆವು. ಒಂದೇ ದೇಹ ಬರೆದು, ಕಿಡ್ನಿಯಿಂದ ಯಕೃತ್ತಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ಮೆದುಳಿಗೆ ಬಾಣ ಎಳೆದೆವು. ಫ್ರೆನಿಕ್ ನರವನ್ನೂ ಕೊರಳಿನಿಂದ ಇಳಿಸಿದೆವು. ಚಿತ್ರ ಅಂಥಾ ಚೆಂದವೇನೂ ಬರಲಿಲ್ಲ. ಗೋಡೆಗೆ ಟೇಪ್ ಹಚ್ಚಿದ್ದಕ್ಕೆ ಮನೆ ಮಾಲಕಿ ಅಜ್ಜಿ ಬೈಯಲು ಬಂದರು. ಬೈಯುವ ನಡುವೆ ಕೆಮ್ಮಿದರು. ಒಣ ಕೆಮ್ಮು. ಬಿಪಿ ಮಾತ್ರೆ ಬದಲಾದಾಗಿನಿಂದ ಶುರುವಾಗಿದೆ, ಕಷಾಯ ಕುಡಿದು ಸಾಕಾಗಿದೆ ಅಂದರು. ಮಾತ್ರೆ ಚೀಟಿ ನೋಡಿದೆವು. ಎನಾಲಾಪ್ರಿಲ್.

ರುಬೀನಾ ಚಾರ್ಟಿನಲ್ಲಿ ಶ್ವಾಸಕೋಶದ ಬಾಣದ ಮೇಲೆ ಬೆರಳಿಟ್ಟಳು. ಆ ಮಾತ್ರೆ ತಡೆಯುವುದು ಅದೇ ಎಸಿಇ ಅನ್ನು. ಬಿಪಿ ಇಳಿಯುತ್ತದೆ. ಆದರೆ ಆ ಕಿಣ್ವಕ್ಕೆ ಇನ್ನೊಂದು ಕೆಲಸ ಇದೆ, ಬ್ರಾಡಿಕೈನಿನ್ ಅನ್ನುವ ರಾಸಾಯನಿಕವನ್ನು ಒಡೆಯುವುದು. ಅದು ಒಡೆಯದೆ ಉಳಿದರೆ ಕೆಲವರಿಗೆ ಗಂಟಲಲ್ಲಿ ಕೆರೆತ, ಒಣ ಕೆಮ್ಮು. ನಾವೇ ಮಾತ್ರೆ ನಿಲ್ಲಿಸಿ ಅನ್ನುವ ಹಾಗಿಲ್ಲ, ಹೇಳಲೂ ಇಲ್ಲ. ಕೆಮ್ಮಿನ ವಿಷಯ ಡಾಕ್ಟರಿಗೆ ಹೇಳಿ, ಅಲ್ಲಿಯವರೆಗೆ ಮಾತ್ರೆ ಬಿಡಬೇಡಿ ಅಂದೆವು. ಅವರು ಹೋದರು, ಡಾಕ್ಟರ್ ಬೇರೆ ಮಾತ್ರೆ ಬರೆದರು. ಕೆಮ್ಮು ಪೂರ್ತಿ ಹೋಗಲು ಕೆಲವು ವಾರ ಹಿಡಿಯಿತು.

ಆಮೇಲೆ ಟೇಪಿನ ಮಾತು ಎತ್ತಲಿಲ್ಲ. ಈಗ ಮಧ್ಯಾಹ್ನ ಓಣಿಯ ಹೆಂಗಸರನ್ನೂ ಕರೆತಂದು ಚಾರ್ಟ್ ಮುಂದೆ ನಿಲ್ಲಿಸುತ್ತಾರೆ. ಮೊಣಕಾಲು ಎಲ್ಲಿ ಬರೆದೀರಿ ಅಂತ ಅವರೆಲ್ಲ ಕೇಳುತ್ತಾರೆ. ಬರೆದಿಲ್ಲ. ಕೀಲುಗಳು ಮುಂದಿನ ಟೆಸ್ಟಿಗೆ.